ಅನುಬಂಧಮ್ಮ

ಅವರು ಯಾವ ಕಾಗದವನ್ನೂ ಮೊದಲ ಪುಟದಿಂದ ಓದಿದವರಲ್ಲ. ಮುನ್ನೂರು ಪುಟದ ವರದಿಯಾಗಲಿ, ಮೂರು ಸಾಲಿನ ಆಮಂತ್ರಣವಾಗಲಿ, ಕೈಗೆ ಬಂದ ಕೂಡಲೇ ಬೆನ್ನು ಮೇಲೆ ಮಾಡಿ ಮಗುಚಿ ಹಾಕಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಂದ ಮುಂದಕ್ಕೆ ಹೊರಡುತ್ತಿದ್ದರು. ಸದನದ ಸಾರಿಗೆ ಸಮಿತಿಯಲ್ಲಿ ಹನ್ನೆರಡು ಮಂದಿ ಸದಸ್ಯರು. ಹನ್ನೊಂದು ಮಂದಿ ಇನ್ನೂ ಮುನ್ನುಡಿಯ ಹೊಸ್ತಿಲಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿರುವಾಗ ಇವರು ಅನುಬಂಧ ಏಳರ ಅಡಿಟಿಪ್ಪಣಿಯಲ್ಲಿ, ಇರುವೆಗಾತ್ರದ ಅಕ್ಷರಗಳ ಸಂದಿಯಲ್ಲಿ, ಯಾರೋ ಜಾಣತನದಿಂದ ಮಲಗಿಸಿಟ್ಟ ಒಂದು ಸಂಖ್ಯೆಯನ್ನು ತಟ್ಟಿ ಎಬ್ಬಿಸುತ್ತಿದ್ದರು. ಅದಕ್ಕೇ ಮೊಗಸಾಲೆಯಲ್ಲಿ ಅವರಿಗೆ ಅನುಬಂಧಮ್ಮ ಎಂಬ ಹೆಸರು ಬಿತ್ತು. ಇಟ್ಟವರು ಕುಹಕಕ್ಕೆ ಇಟ್ಟಿದ್ದರು. ಇವರು ಅದನ್ನು ತಮ್ಮದೇ ಹೆಸರೆಂಬಂತೆ ಒಪ್ಪಿಕೊಂಡು, ಯಾರಾದರೂ ಹಿಂದಿನಿಂದ ಕರೆದರೆ ತಿರುಗಿ ನೋಡತೊಡಗಿದ ಮೇಲೆ ಕುಹಕದ ಮೊನೆ ತಾನಾಗಿ ಮುರಿಯಿತು.

“ಅಮ್ಮಾ, ಇವತ್ತಾದರೂ ಒಂದನೇ ಪುಟದಿಂದ ಶುರು ಮಾಡೋಣವೇ?” ಎಂದು ಅಧ್ಯಕ್ಷರು ಒಮ್ಮೆ ಕೇಳಿದರು.

“ಒಂದನೇ ಪುಟದಲ್ಲಿ ಬರೀ ನಮಸ್ಕಾರ ಇರುತ್ತೆ ಸಾರ್. ಅದನ್ನ ನಾನು ಒಳಗೆ ಬರ್ತಾನೇ ಮಾಡಿದೀನಲ್ಲ.”

ನಾನು ಆ ಸಮಿತಿಯ ಕಚೇರಿಯಲ್ಲಿ ಅನುವಾದಕಿ. ಪರಿಣತರು ತಮ್ಮ ಭಾಷೆಯಲ್ಲಿ ಬರೆದದ್ದನ್ನು ಜನರ ಭಾಷೆಗೆ ಇಳಿಸುವುದು ನನ್ನ ಸಂಬಳದ ಕೆಲಸ. ಕಥೆ ಬರೆಯುವುದು ಸಂಬಳವಿಲ್ಲದ್ದು. ನನಗಾಗ ನಲವತ್ತೆರಡು. ಅವರು ನನ್ನನ್ನು ‘ಹುಡುಗಿ’ ಎಂದೇ ಕರೆಯುತ್ತಿದ್ದರು. ಆ ಕಟ್ಟಡದಲ್ಲಿ ಬೇರೆ ಯಾರು ಹಾಗೆ ಕರೆದಿದ್ದರೂ ನಾನು ಸುಮ್ಮನಿರುತ್ತಿರಲಿಲ್ಲ.

ಈ ಹಿಂದುಮುಂದಾದ ಓದಿನ ಗುಟ್ಟು ನನಗೆ ತಿಳಿದದ್ದು ಅವರ ನಡಿಗೆಯಿಂದ. ಎರಡು ಪಾದಗಳ ನಡುವೆ ಒಂದು ಗೇಣು ಅಂತರ, ಮಂಡಿ ತುಸು ಸಡಿಲ, ಎಡಗೈ ಆಚೀಚೆ ಸಿಕ್ಕಿದ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಮುಟ್ಟುತ್ತಾ: ಸದನದ ನುಣುಪು ಕಲ್ಲಿನ ನೆಲ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತೆಂದು ಸಿದ್ಧವಾಗಿರುವವರ ನಡಿಗೆ. ಅವರು ಹತ್ತೊಂಬತ್ತು ವರ್ಷ ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆಮೇಲೆ ಕಾರ್ಮಿಕರ ಸಂಘ, ಆಮೇಲೆ ಚುನಾವಣೆ, ಆಮೇಲೆ ಈ ಕುರ್ಚಿ. “ಟಿಕೆಟ್ಟು ಕೊಡೋದು ಹಿಂದಿನ ಸೀಟಿಂದ, ಹುಡುಗಿ,” ಎಂದಿದ್ದರು. “ಮುಂದಿನೋರು ಎಲ್ಲಿಗೂ ಓಡಿಹೋಗಲ್ಲ, ಡ್ರೈವರ್ ಕಣ್ಣಿಗೆ ಬೀಳೋ ಹಾಗೆ ಠೀವಿಯಿಂದ ಕೂತಿರ್ತಾರೆ. ಲೆಕ್ಕ ತಪ್ಪೋದು ಯಾವಾಗ್ಲೂ ಹಿಂದೆ.” ಸಮಿತಿಯಲ್ಲಿ ಯಾರಾದರೂ ಒಂದು ಕಲಮನ್ನು ಹಾರಿಸಿ ಮುಂದಕ್ಕೆ ಹೋಗಲು ನೋಡಿದರೆ ಅವರು ಕೈಯೆತ್ತುತ್ತಿರಲಿಲ್ಲ, ‘ಮಾನ್ಯ ಅಧ್ಯಕ್ಷರೇ’ ಎನ್ನುತ್ತಿರಲಿಲ್ಲ. ಮೇಜಿನ ಅಂಚನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು “ಹೋಲ್ಡಾನ್!” ಎನ್ನುತ್ತಿದ್ದರು. ನಿವೃತ್ತ ನ್ಯಾಯಾಧೀಶರೊಬ್ಬರು ಸಾಕ್ಷ್ಯ ಹೇಳಲು ಬಂದಿದ್ದಾಗ ಆ ಕೂಗಿಗೆ ನೀರಿನ ಲೋಟವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಮಿತಿಯ ಕೋಣೆಯ ತಂಪು ಟೈ ಕಟ್ಟಿ ಬರುವ ಗಂಡಸರ ಮೈಗೆ ಅಳೆದು ಇಟ್ಟದ್ದು. ಅಲ್ಲಿ ಚಹಾ ತರುವ ಹೆಂಗಸರೂ ನಾನೂ ವರ್ಷವಿಡೀ ನಡುಗುತ್ತಿದ್ದೆವು. ಅನುಬಂಧಮ್ಮ ಮಾತ್ರ ಬೂದುಬಣ್ಣದ ಒಂದು ದಪ್ಪ ಕೋಟು ತೊಟ್ಟು ಬರುತ್ತಿದ್ದರು. ಅದು ತೀರಿಹೋದ ಅಣ್ಣನದು. ಅಣ್ಣ ಅವರದೇ ಬಸ್ಸಿನ ಡ್ರೈವರ್ ಆಗಿದ್ದವನು. ಅವನ ಭುಜದ ಅಗಲ ಇವರ ಭುಜದಿಂದ ನಾಲ್ಕು ಬೆರಳು ಆಚೆಗೆ ಜೋತಾಡುತ್ತಿತ್ತು. ಬಲಮೊಣಕೈಗೆ ಒಂದು ತೇಪೆ. ಪತ್ರಿಕೆಗಳು ಆ ಕೋಟನ್ನು ಸರಳತೆಯ ಸಂಕೇತವೆಂದು ಕೊಂಡಾಡಿ, ಅದರ ಚಿತ್ರವನ್ನೂ ಹಾಕಿದ್ದವು. ಆ ತೇಪೆಯ ಅಂಚನ್ನು ಮಾತ್ರ ಯಾರೂ ಬಗ್ಗಿ ನೋಡಿರಲಿಲ್ಲ. ಗೋಧಿಕಾಳಿಗಿಂತ ಸಣ್ಣ ಹೊಲಿಗೆ, ಒಂದರ ಹೆಗಲಿಗೆ ಒಂದು, ಒಂದೂ ಸಾಲು ತಪ್ಪಿಲ್ಲ. ಹೊಲಿದವರು ಅವರ ಅತ್ತಿಗೆ, ಆ ಅಣ್ಣನ ಹೆಂಡತಿ.

ಅತ್ತಿಗೆ ನಾದಿನಿ ಇಬ್ಬರೇ ಇದ್ದ ಮನೆ ಅದು. ಒಂದು ಬೇಕರಿಯ ಮೇಲಿನ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಅನುಬಂಧಮ್ಮ ಮದುವೆಯಾದವರಲ್ಲ. ಅಣ್ಣ ತೀರಿಕೊಂಡ ಮೇಲೆ ಇವರಿಬ್ಬರಲ್ಲಿ ಯಾರು ಯಾರನ್ನು ಇಟ್ಟುಕೊಂಡರು ಎಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದರು. ಊಟದ ಮೇಜಿನ ಮುಕ್ಕಾಲು ಭಾಗ ಕಡತಗಳಿಗೆ, ಕಾಲು ಭಾಗ ತಟ್ಟೆಗಳಿಗೆ. ಅತ್ತಿಗೆ ತರಕಾರಿ ಹೆಚ್ಚುವಾಗ ದೇಶದ ಹೆದ್ದಾರಿಗಳನ್ನು ಮೊಣಕೈಯಿಂದ ಮೆಲ್ಲನೆ ಅತ್ತ ತಳ್ಳಿ ಜಾಗ ಮಾಡಿಕೊಳ್ಳುತ್ತಿದ್ದರು. ನಮ್ಮ ಕಚೇರಿಗೆ ಹಿಂತಿರುಗಿ ಬರುತ್ತಿದ್ದ ಕಡತಗಳಲ್ಲಿ ಅವರದ್ದನ್ನು ಗುರುತಿಸುವುದು ಸುಲಭ: ಈರುಳ್ಳಿಯ ವಾಸನೆ.

ಆ ವರ್ಷ ರಾಷ್ಟ್ರೀಯ ಸಾರಿಗೆ ನೀತಿಯ ಕರಡು ಸಮಿತಿಯ ಮುಂದೆ ಬಂತು. ಆರು ವಾರದಲ್ಲಿ ಪರಿಶೀಲಿಸಿ ವರದಿ ಕೊಡಬೇಕು. ಅದರಲ್ಲಿ ರೈಲು ಇತ್ತು, ಬಂದರು ಇತ್ತು, ಸುರಂಗ ಇತ್ತು. ನಲವತ್ತೊಂದನೇ ಕಲಮಿನಲ್ಲಿ ಒಂದು ಸಾಧು ಮುಖದ ವಾಕ್ಯವೂ ಇತ್ತು: ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರವರೆಗೆ ಪ್ರಯಾಣದ ಅಗತ್ಯ ಅತ್ಯಲ್ಪವೆಂದು ಸಮೀಕ್ಷೆಯಿಂದ ಕಂಡುಬಂದಿರುವುದರಿಂದ, ಆ ವೇಳೆಯ ನಗರ ಬಸ್ಸುಗಳನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಉಳಿದವನ್ನು ಕಚೇರಿಯ ವೇಳೆಗೆ ತಿರುಗಿಸತಕ್ಕದ್ದು. ಹನ್ನೊಂದು ಮಂದಿ ಇದನ್ನು ದಾಟಿ ಬಂದರಿನ ಕಡೆ ನಡೆದಿದ್ದರು. ಅನುಬಂಧಮ್ಮ ಆಗಲೇ ಅನುಬಂಧ ಏಳರಿಂದ ಹಿಮ್ಮುಖವಾಗಿ ಬರುತ್ತಿದ್ದರು; ಬಂದವರು ಸಮೀಕ್ಷೆಯ ಪಟ್ಟಿಯ ಒಂದು ಅಂಕಣದಲ್ಲಿ ನಿಂತರು. ‘ನಿನ್ನೆ ಪ್ರಯಾಣ ಮಾಡಿಲ್ಲ’ ಎಂದ ಹೆಂಗಸರು: ನೂರಕ್ಕೆ ಐವತ್ತೆಂಟು.

“ಹೋಲ್ಡಾನ್! ನೂರಕ್ಕೆ ಐವತ್ತೆಂಟು ಹೆಂಗಸರು ಮನೆ ಬಿಟ್ಟು ಹೊರಡೋದೇ ಇಲ್ವಾ?”

ಸಮೀಕ್ಷೆ ಮಾಡಿಸಿದ ಪರಿಣತರು ಎದುರಿಗೇ ಕೂತಿದ್ದರು. ಮೃದುಮಾತಿನ ಮನುಷ್ಯ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮರೆತುಬಿಡುವವರು. “ಅವರೇ ಕೊಟ್ಟ ಉತ್ತರ ಅಮ್ಮ. ನಾವೇನೂ ಸೇರಿಸಿಲ್ಲ.”

“ನಾನು ಹತ್ತೊಂಬತ್ತು ವರ್ಷ ಹನ್ನೊಂದು ಗಂಟೆ ಬಸ್ಸಲ್ಲಿ ಟಿಕೆಟ್ ಹರಿದೋಳು. ಇಡೀ ಬಸ್ಸು ಹೆಂಗಸರೇ, ಕಾಲಿಡೋಕೆ ಜಾಗ ಇಲ್ದಂಗೆ ಚೀಲಗಳೇ. ಹಾಗಾದ್ರೆ ನಾನು ಟಿಕೆಟ್ ಕೊಟ್ಟಿದ್ದು ದೆವ್ವಗಳಿಗಾ?”

ಕೋಣೆ ನಕ್ಕಿತು. ಪರಿಣತರೂ ನಕ್ಕರು. ಅಂಕಿ ಮಾತ್ರ ನಗಲಿಲ್ಲ. ಅದು ಐವತ್ತೆಂಟಾಗಿಯೇ ಉಳಿಯಿತು. ಎಲ್ಲಿ ತಪ್ಪಿದೆ ಎಂದು ಅನುಬಂಧಮ್ಮನವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಅವರು ಕೋಟಿನ ಎರಡೂ ತೋಳುಗಳನ್ನು ಕೈಬೆರಳು ಮುಚ್ಚುವಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದರು. ಆ ದಿನ ಹಾಗೆಯೇ ಎದ್ದು ಹೋದರು.

ಆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಸಮೀಕ್ಷೆಗೆ ಬಳಸಿದ ಪ್ರಶ್ನೆಗಳ ನಮೂನೆಯನ್ನು ಒಯ್ದೆ. ಅವರೇ ತರಲು ಹೇಳಿದ್ದರು. ಅತ್ತಿಗೆ ಒಲೆಯ ಮುಂದೆ ಮೂರಂತಸ್ತಿನ ಊಟದ ಡಬ್ಬಿ ತುಂಬುತ್ತಿದ್ದರು. ನಗರದ ಇನ್ನೊಂದು ತುದಿಯಲ್ಲಿ, ಬಸ್ಸಿನ ಕಡೆಯ ನಿಲ್ದಾಣದ ಬಳಿ, ಅವರ ಅಕ್ಕ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ಬೆಳಿಗ್ಗೆ ಸಂಜೆ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಅತ್ತಿಗೆಯ ಪಾಲು: ಹನ್ನೊಂದು ಇಪ್ಪತ್ತರ ಬಸ್ಸಿನಲ್ಲಿ ಹೋಗಿ, ಮೈ ಒರೆಸಿ, ಉಣಿಸಿ, ಹಾಸಿಗೆ ಬದಲಿಸಿ, ಮೂರೂವರೆಯ ಬಸ್ಸಿನಲ್ಲಿ ಹಿಂತಿರುಗುವುದು. ಭಾನುವಾರಕ್ಕೂ ರಜೆಯಿಲ್ಲ. ಹಿಂದಿನ ವಾರವೇ ಕಂಡಕ್ಟರ್ ಒಬ್ಬಳು ಹೇಳಿದ್ದಳಂತೆ, “ಅಮ್ಮಾ, ಹೊಸ ನೀತಿ ಬಂದ್ರೆ ನಿಂತುಹೋಗೋ ಬಸ್ಸುಗಳ ಪಟ್ಟಿ ಡಿಪೋದಲ್ಲಿ ಅಂಟಿಸಿದಾರೆ, ನಿಮ್ಮ ಹನ್ನೊಂದಿಪ್ಪತ್ತೂ ಅದರಲ್ಲಿದೆ,” ಎಂದು. ಅತ್ತಿಗೆ ಆ ಸುದ್ದಿಯನ್ನು ಹಾಲು ಒಡೆದ ಸುದ್ದಿಯಷ್ಟೇ ಸಣ್ಣ ದನಿಯಲ್ಲಿ ನನಗೆ ಹೇಳಿದರು. ಹೇಳಿ, “ಬಸ್ಸು ನಿಂತರೆ ನಾನು ಅಕ್ಕನ ಮನೇಲೇ ಇರಬೇಕಾಗುತ್ತೆ ಅಷ್ಟೆ,” ಎಂದು ಡಬ್ಬಿಯ ಕೊಂಡಿ ಹಾಕಿದರು. ಕೋಣೆಯ ಮೂಲೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಆಗಲೇ ಅವರ ಚಳಿಗಾಲದ ಬಟ್ಟೆಗಳು ಮಡಿಸಿ ಕೂತಿದ್ದವು. ಅನುಬಂಧಮ್ಮ ಆ ಪೆಟ್ಟಿಗೆಗಳ ಕಡೆಗೆ ಬೆನ್ನು ಮಾಡಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಅವರು ನಮೂನೆಯನ್ನು ಹಿಂದಿನಿಂದ ಓದುತ್ತಾ ಬಂದು ಮೊದಲನೇ ಪ್ರಶ್ನೆಗೆ ತಲುಪಿದಾಗ ಅತ್ತಿಗೆಯನ್ನು ಕೂಗಿದರು.

“ಅತ್ತಿಗೆ, ಒಂದು ಪ್ರಶ್ನೆ ಕೇಳ್ತೀನಿ, ಸರ್ಕಾರದೋರು ಕೇಳಿದ್ರೆ ಹೇಗೆ ಹೇಳ್ತೀರೋ ಹಾಗೆ ಹೇಳಿ. ನಿನ್ನೆ ನೀವು ಎಷ್ಟು ಸಲ ಪ್ರಯಾಣ ಮಾಡಿದಿರಿ?”

“ಯಾರು, ನಾನಾ? ಪ್ರಯಾಣನಾ?” ಅತ್ತಿಗೆ ಕೈ ಒರೆಸಿಕೊಂಡು, ಸರ್ಕಾರದವರಿಗೆ ಸುಳ್ಳು ಹೇಳಬಾರದೆಂಬಂತೆ ನಿಜವಾಗಿ ಯೋಚಿಸಿದರು. “ನಿನ್ನೆ ಇಲ್ಲಮ್ಮ. ನಿನ್ನೆಯೆಲ್ಲ ಮನೇಲೇ ಇದ್ದೆ. ಪ್ರಯಾಣ ಅಂತ ನಾನು ಮಾಡಿದ್ದು… ಎರಡು ವರ್ಷದ ಹಿಂದೆ ಆ ಮದುವೆಗೆ ಹೋಗಿದ್ದೇ ಕೊನೆ.”

“ನಿನ್ನೆ ಅಕ್ಕನ ಮನೆಗೆ ಹೋಗ್ಲಿಲ್ವಾ?”

“ಹೋದೆ. ಹೋಗದೆ ಇರೋಕಾಗುತ್ತಾ?”

“ಮತ್ತೆ?”

“ಅದೆಂಥ ಪ್ರಯಾಣ? ಅದು ಓಡಾಟ.” ಅತ್ತಿಗೆಗೆ ಸ್ವಲ್ಪ ಬೇಸರವೇ ಆಯಿತು. “ಬರ್ತಾ ಔಷಧಿ ಅಂಗಡಿ, ಅಲ್ಲಿಂದ ನಿನ್ನ ಕನ್ನಡಕ ರಿಪೇರಿಗೆ ಕೊಟ್ಟಿದ್ದು ತಂದೆ, ಆಮೇಲೆ ಮಾರುಕಟ್ಟೆಗೆ ಇನ್ನೊಂದ್ಸಲ ಹೋಗಿಬಂದೆ. ಅದನ್ನೆಲ್ಲ ಸರ್ಕಾರ ಪ್ರಯಾಣ ಅಂತ ಬರ್ಕೊಂಡ್ರೆ ನಗಲ್ವೇನಮ್ಮ ಸದಸ್ಯರೇ, ಜನ?”

ಅನುಬಂಧಮ್ಮ ಮೆಲ್ಲನೆ ಕನ್ನಡಕ ತೆಗೆದರು. ಹೆಂಗಸರು ಎಲ್ಲಿಗೂ ಹೋಗುವುದಿಲ್ಲವೆಂಬ ಪಟ್ಟಿಯನ್ನು ಅವರು ಬೆಳಗಿನಿಂದ ಓದುತ್ತಿದ್ದದ್ದು ಅತ್ತಿಗೆ ನಿನ್ನೆ ಎರಡು ಬಸ್ಸು ಬದಲಿಸಿ ತಂದುಕೊಟ್ಟ ಆ ಕನ್ನಡಕದಲ್ಲಿ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಆಗತಾನೇ ಗೂಡಿನಿಂದ ಬಿದ್ದ ಮರಿಯನ್ನು ನೋಡುವಂತೆ ಬಹಳ ಹೊತ್ತು ನೋಡಿದರು. ಆಮೇಲೆ ಅತ್ತಿಗೆಯ ಕಾಲಿನ ಕಡೆ ನೋಡಿದರು. ಪಾದದ ಗಂಟು ಊದಿಕೊಂಡಿತ್ತು. ಅದು ಅಂದು ಊದಿದ್ದಲ್ಲ. ಅವರು ನೋಡಿದ್ದು ಅಂದು.

ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಆ ‘ಪ್ರಯಾಣ’ ನನ್ನದು. ನಮೂನೆಯನ್ನು ಅನುವಾದಿಸಿದವಳು ನಾನೇ. ಕರಡಿನಲ್ಲಿ ಮೊದಲು ‘ಓಡಾಟ’ ಎಂದೇ ಬರೆದಿದ್ದೆ, ಆಮೇಲೆ ಅಡುಗೆಮನೆಯ ಮಾತು, ಅಚ್ಚಿನಲ್ಲಿ ಘನತೆಯಿಲ್ಲ ಎಂದು ಹೊಡೆದುಹಾಕಿ ‘ಪ್ರಯಾಣ’ ಎಂದು ತಿದ್ದಿದ್ದೆ. ಹೆಂಗಸರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಕಥೆಗಳಲ್ಲಿ ಬರೆದುಕೊಂಡು ಬಂದವಳು, ನನ್ನ ಒಂದು ಗೀಟಿನಿಂದ ನೂರಕ್ಕೆ ಐವತ್ತೆಂಟು ಮಂದಿಯನ್ನು ಬಸ್ಸಿನಿಂದ ಇಳಿಸಿದ್ದೆ. ಬಾಯಿಬಿಟ್ಟು ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ.

“ನೀನು ಒಂದು ಪದ ತಪ್ಪಿದೆ, ಹುಡುಗಿ,” ಎಂದರು ಅನುಬಂಧಮ್ಮ. “ನಾನು ಮೂರು ವರ್ಷದಿಂದ ಇದೇ ಮನೇಲಿದೀನಿ.”

ಮರುದಿನದಿಂದ ಅವರು ಸಮಿತಿಗೆ ಮಧ್ಯಾಹ್ನದ ಮೇಲೆ ಬರತೊಡಗಿದರು. ಬೆಳಿಗ್ಗೆ ಹನ್ನೊಂದು ಇಪ್ಪತ್ತರ ಬಸ್ಸು ಹತ್ತುತ್ತಿದ್ದರು. ಎರಡು ವಾರ, ಒಂದು ದಿನವೂ ತಪ್ಪದೆ. ಅತ್ತಿಗೆ ಕಿಟಕಿಯ ಪಕ್ಕ ಡಬ್ಬಿ ಹಿಡಿದು ಕೂತಿರುತ್ತಿದ್ದರು. ನಾದಿನಿ ಹಿಂದಿನ ಸೀಟಿನಿಂದ ಶುರುಮಾಡಿ, ಕಾಲು ಅಗಲಿಸಿ, ಕಂಬಿಗೆ ಸೊಂಟ ಆನಿಸಿ, ಹೆಂಗಸರನ್ನು ಒಬ್ಬೊಬ್ಬರಾಗಿ ಎರಡು ಪ್ರಶ್ನೆ ಕೇಳುತ್ತಾ ಮುಂದಕ್ಕೆ ಸರಿಯುತ್ತಿದ್ದರು. ಒಂದು ದಿನ ನಾನೂ ಹೋಗಿದ್ದೆ. ತೊಡೆಯ ಮೇಲೆ ಮಗುವನ್ನು, ಕಾಲಸಂದಿಯಲ್ಲಿ ಹಿಟ್ಟಿನ ಚೀಲವನ್ನು ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಬಸ್ಸು ಗುಂಡಿಗೆ ಬಿದ್ದು ಎದ್ದ ಆ ಕ್ಷಣದಲ್ಲೇ, ತುಂಬ ವಿನಯದಿಂದ ಹೇಳಿದಳು: “ಇಲ್ಲಕ್ಕ, ನಾನೆಲ್ಲೂ ಪ್ರಯಾಣ ಮಾಡಲ್ಲ.”

“ಓಡಾಟ?”

“ಅಯ್ಯೋ, ಅದನ್ನ ಕೇಳ್ಬೇಡಿ!” ಎಂದು ಅವಳು ಬೆರಳು ಮಡಿಸತೊಡಗಿದಳು. ಮಗುವಿಗೆ ಸೂಜಿ ಹಾಕಿಸಿದ್ದು, ಅತ್ತೆಯ ಕಣ್ಣು ತೋರಿಸಿದ್ದು, ದೊಡ್ಡವನು ಶಾಲೆಯಲ್ಲಿ ಮರೆತುಬಂದ ಚೀಲ, ಹಿಟ್ಟಿನ ಗಿರಣಿ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದಳು. ಅವಳ ನಿಲ್ದಾಣ ಬಂದರೂ ಲೆಕ್ಕ ಮುಗಿದಿರಲಿಲ್ಲ; ಇಳಿದ ಮೇಲೆ ಕೆಳಗಿನಿಂದ ಕೂಗಿ ಹೇಳಿದಳು, “ಇನ್ನೊಂದು ಸೇರಿಸ್ಕೊಳ್ಳಿ ಅಕ್ಕ, ಸೀಮೆಎಣ್ಣೆ!”

ಇನ್ನೂರ ಹದಿನಾಲ್ಕು ಹೆಂಗಸರ ಉತ್ತರಗಳು ಆ ಕೋಟಿನ ಒಳಜೇಬಿನಲ್ಲಿ ತುಂಬಿದವು. ಕಡೆಯ ನಿಲ್ದಾಣದಲ್ಲಿ ಇಳಿದ ಮೇಲೆ ಅವರು ಅತ್ತಿಗೆಯ ಜೊತೆ ಅಕ್ಕನ ಮನೆಗೂ ಹೋಗಿ, ಹಾಸಿಗೆಯ ಇನ್ನೊಂದು ತುದಿ ಹಿಡಿಯಲು ಕಲಿತರು. ಮೊದಲ ದಿನ ಅಕ್ಕನನ್ನು ತಪ್ಪು ಮಗ್ಗುಲಿಗೆ ಹೊರಳಿಸಿಬಿಟ್ಟರಂತೆ. ಅಕ್ಕ ಮಲಗಿದಲ್ಲಿಂದಲೇ, “ಇವಳಿಗೆ ಹೇಳೇ, ನಾನು ವರದಿ ಅಲ್ಲ, ಹಿಂದುಮುಂದು ಮಾಡಬೇಡ ಅಂತ,” ಎಂದರಂತೆ.

ಸಮಿತಿಯಲ್ಲಿ ಅವರು ಆ ಎಣಿಕೆಯನ್ನು ಕೂಡಲೇ ಮಂಡಿಸಲಿಲ್ಲ. ಸಂಜೆ ಸಭೆ ಮುಗಿಯುವ ಹೊತ್ತಿಗೆ ಹನ್ನೊಂದು ಮಂದಿಗೂ ಪರಿಣತರಿಗೂ ಒಂದೊಂದು ಚೀಟಿ ಹಂಚಿದರು. ಮನೆಯ ಹೆಂಗಸರನ್ನು ಕೇಳಿಕೊಂಡು ಬನ್ನಿ, ನಿನ್ನೆ ಎಷ್ಟು ಪ್ರಯಾಣ ಮಾಡಿದಿರಿ ಎಂದು. ಮರುದಿನ ಬೆಳಿಗ್ಗೆ ಸದಸ್ಯರ ಒಂಬತ್ತು ಚೀಟಿಗಳಲ್ಲಿ ‘ಇಲ್ಲ’ ಎಂದಿತ್ತು. ಒಬ್ಬರು ಮರೆತಿದ್ದರು. ಒಬ್ಬರು ಮಾತ್ರ ಸಂಕೋಚದಿಂದ ಎದ್ದು ನಿಂತು, “ನನ್ನ ಹೆಂಡತಿ ತಿರುಗಿ ನನ್ನನ್ನೇ ಕೇಳಿದಳು, ಯಾಕೆ, ಎಲ್ಲಿಗಾದರೂ ಕರ್ಕೊಂಡು ಹೋಗ್ತೀರಾ ಅಂತ,” ಎಂದರು. ಆ ನಗು ಇಳಿಯುವವರೆಗೆ ಕಾದು ಅನುಬಂಧಮ್ಮ ಮೇಜು ಬಡಿದರು.

“ಹೋಲ್ಡಾನ್. ಇವತ್ತು ನೀವು ಹಾಕಿಕೊಂಡು ಬಂದಿರೋ ಇಸ್ತ್ರಿ ಅಂಗಿ ಅಂಗಡಿಯಿಂದ ಮನೆಗೆ ಹೇಗೆ ಬಂತು? ನಡ್ಕೊಂಡು ಬಂತಾ?”

ಪರಿಣತರು ಕಿವಿಯಿಂದ ಪೆನ್ಸಿಲು ತೆಗೆದು, ಮತ್ತೆ ಅಲ್ಲೇ ಇಟ್ಟರು. ಅವರ ಚೀಟಿ ಬರೆದುಕೊಟ್ಟವರು ತಾಯಿ. ‘ಇಲ್ಲ’ ಎಂದು ಬರೆದು, ಕೆಳಗೆ ಸಣ್ಣದಾಗಿ, ‘ಬರುವಾಗ ಹಾಲು ತರಬೇಡ, ನಾನು ತಂದಿದ್ದೇನೆ’ ಎಂದಿದ್ದರು. ಪರಿಣತರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯೊಳಗಿಟ್ಟುಕೊಂಡದ್ದನ್ನು ನಾನು ನೋಡಿದೆ.

ಅಷ್ಟರಿಂದ ಗೆದ್ದುಬಿಟ್ಟರೆಂದು ಬರೆದರೆ ಕಥೆಯಾದೀತು. ನಡೆದದ್ದು ಬೇರೆ. ಆರು ವಾರ ಮುಗಿದಿತ್ತು. ಬಂದರಿನವರು ಕಾಯುತ್ತಿದ್ದರು, ಸುರಂಗದವರು ಕಾಯುತ್ತಿದ್ದರು. ಒಂದು ಪದಕ್ಕಾಗಿ ಇಡೀ ನೀತಿಯನ್ನು ನಿಲ್ಲಿಸಲಾಗದು ಎಂದು ಅಧ್ಯಕ್ಷರು ಬೇಸರದಿಂದಲೇ ಹೇಳಿದರು. ಎಂಟು ಮಂದಿ ಕರಡಿನ ಪರ, ಮೂವರು ತಟಸ್ಥ, ಒಬ್ಬರು ವಿರುದ್ಧ. ನಿಯಮದ ಪ್ರಕಾರ ವಿರೋಧಿಸಿದವರು ಎರಡು ಪುಟ ಮೀರದಂತೆ ಭಿನ್ನಮತದ ಟಿಪ್ಪಣಿ ಬರೆಯಬಹುದು. ಅದನ್ನು ವರದಿಯ ಕಟ್ಟಕಡೆಗೆ ಅನುಬಂಧವಾಗಿ ಸೇರಿಸುತ್ತಾರೆ. ಅಧ್ಯಕ್ಷರು ಪೆನ್ನು ಮುಚ್ಚುತ್ತಾ, “ಕೊನೆಗೂ ನಿಮ್ಮ ಜಾಗ ನಿಮಗೇ ಸಿಕ್ಕಿತಲ್ಲಮ್ಮ,” ಎಂದರು. ಅದರಲ್ಲಿ ಕುಹಕವಿರಲಿಲ್ಲ. ಆಮೇಲೆ, ಸಭೆ ಮುಗಿಸುವ ಮೊದಲು, ರೂಢಿಯಿಲ್ಲದ ಒಂದು ಕೆಲಸ ಮಾಡಿದರು. ಇವರ ಕಡೆ ನೋಡಿ ಕೇಳಿದರು, “ರೈಟ್?”

“ಇನ್ನೂ ಇಲ್ಲ ಸಾರ್,” ಎಂದರು ಇವರು. “ಹಿಂದಿನೋರು ಹತ್ತಲಿ.”

ಟಿಪ್ಪಣಿಯನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಅವರ ಮನೆಯ ಊಟದ ಮೇಜಿನ ಮೇಲೆಯೇ, ಅತ್ತಿಗೆ ಅಕ್ಕನ ಮನೆಗೆ ಹೋಗಿದ್ದ ಮಧ್ಯಾಹ್ನ. ನಾನು ಎರಡು ಕಡೆ ಭಾಷೆಯನ್ನು ತಿದ್ದಲು ನೋಡಿದೆ, ಬಿಡಲಿಲ್ಲ. ಅದರಲ್ಲಿ ಸಿಟ್ಟಿನ ಒಂದು ಮಾತೂ ಇಲ್ಲ. ಇನ್ನೂರ ಹದಿನಾಲ್ಕು ಹೆಂಗಸರ ಎರಡು ಪ್ರಶ್ನೆಯ ಉತ್ತರಗಳು ಅಕ್ಕಪಕ್ಕದಲ್ಲಿ. ಕೊನೆಗೆ ನಾಲ್ಕು ಸಾಲು: ‘ಇವರು ಬಸ್ಸಿನಲ್ಲಿ ಕೂತು, ಟಿಕೆಟ್ಟು ಕೈಯಲ್ಲಿ ಹಿಡಿದು, ತಾವು ಪ್ರಯಾಣ ಮಾಡುತ್ತಿಲ್ಲವೆಂದು ಹೇಳಿದವರು. ಪ್ರಯಾಣವೆಂದರೆ ತಮ್ಮ ಸಲುವಾಗಿ ಹೋಗುವುದೆಂದು ಅವರು ತಿಳಿದಿದ್ದಾರೆ. ಇನ್ನೊಬ್ಬರ ಸಲುವಾಗಿ ಹೋಗುವುದಕ್ಕೆ ಅವರಲ್ಲಿ ಬೇರೆ ಮಾತಿದೆ. ದಯವಿಟ್ಟು ಆ ಮಾತಿನಲ್ಲಿ ಇನ್ನೊಮ್ಮೆ ಕೇಳಿ.’ ಹೇಳಿ ಮುಗಿಸಿ, ಅವರು ರಟ್ಟಿನ ಪೆಟ್ಟಿಗೆಗಳ ಕಡೆ ಮೊದಲ ಬಾರಿ ತಿರುಗಿ ಕೂತರು. ಈಗ ಎರಡೂ ತುಂಬಿದ್ದವು. ಅತ್ತಿಗೆ ಹಗ್ಗವನ್ನೂ ಬಿಗಿದಿದ್ದರು.

ವರದಿ ಅಚ್ಚಾಯಿತು. ಅವರ ಟಿಪ್ಪಣಿಯಿದ್ದ ಅನುಬಂಧ ಹನ್ನೊಂದನ್ನು ಸದನದಲ್ಲಿ ಎಷ್ಟು ಜನ ಓದಿದರೋ ನನಗೆ ಗೊತ್ತಿಲ್ಲ. ಒಬ್ಬರು ಓದಿದ್ದು ಮಾತ್ರ ಗೊತ್ತು. ಪರಿಣತರು ಯಾರೂ ಕೇಳದೆಯೇ ಮಂತ್ರಿಗಳಿಗೆ ಒಂದು ಪುಟದ ಕಡತ ಟಿಪ್ಪಣಿ ಕಳಿಸಿದ್ದರು: ತಾವು ನಡೆಸಿದ ಸಮೀಕ್ಷೆಯ ಮೊದಲ ಪ್ರಶ್ನೆಯಲ್ಲಿ ದೋಷವಿದೆ, ಆ ಅಂಕಣವನ್ನು ಆಧರಿಸಿ ಯಾವ ಕ್ರಮವನ್ನೂ ಕೈಗೊಳ್ಳಬಾರದು ಎಂದು. ತಮ್ಮ ಲೆಕ್ಕ ತಪ್ಪೆಂದು ತಾವೇ ಬರೆದುಕೊಡುವ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಆದ್ದರಿಂದ ಅವರ ಪೆನ್ಸಿಲಿಗೂ ಇಲ್ಲಿ ಒಂದು ನಮಸ್ಕಾರ. ಚರ್ಚೆಯ ಮೂರನೇ ದಿನ ಮಂತ್ರಿಗಳು ಉತ್ತರ ಕೊಡುತ್ತಾ, ಬಂದರಿಗೂ ಸುರಂಗಕ್ಕೂ ನಡುವೆ, ಮರುಸಮೀಕ್ಷೆ ಮುಗಿಯುವವರೆಗೆ ಮಧ್ಯಾಹ್ನದ ಬಸ್ಸುಗಳನ್ನು ಕಡಿಮೆ ಮಾಡುವುದಿಲ್ಲ ಎಂದು ಒಂದೇ ಉಸಿರಿಗೆ ಓದಿದರು. ಅನುಬಂಧಮ್ಮ ಚಪ್ಪಾಳೆ ತಟ್ಟಲಿಲ್ಲ. ಕೋಟಿನ ತೋಳುಗಳನ್ನು ಮೇಲಕ್ಕೆ ಸರಿಸಿಕೊಂಡು ಗಡಿಯಾರ ನೋಡಿದರು. ಹನ್ನೊಂದು ಗಂಟೆ ಹತ್ತು ನಿಮಿಷ. ಎದ್ದು ಹೊರಟುಬಿಟ್ಟರು, ಕುರ್ಚಿಗಳ ಬೆನ್ನು ಮುಟ್ಟುತ್ತಾ.

ಹನ್ನೊಂದು ಇಪ್ಪತ್ತರ ಬಸ್ಸು ಉಳಿಯಿತು. ಈಗಲೂ ಅದು ಹನ್ನೊಂದು ಮೂವತ್ತೈದಕ್ಕೇ ಬರುತ್ತದೆ, ಅದೇನೂ ಹೊಸದಲ್ಲ. ಹೊಸ ನಮೂನೆಯ ಮೊದಲ ಪ್ರಶ್ನೆ, ‘ನಿನ್ನೆ ಎಲ್ಲೆಲ್ಲಿ ಓಡಾಡಿದಿರಿ?’ ಅದನ್ನು ಬರೆಯುವಾಗ ನನ್ನ ಕೈ ಒಂದು ಸಲವೂ ತಡೆಯಲಿಲ್ಲ. ಐವತ್ತೆಂಟು ಒಂಬತ್ತಕ್ಕೆ ಇಳಿಯಿತು. ನಲವತ್ತೊಂದನೇ ಕಲಮನ್ನು ಸದ್ದಿಲ್ಲದೆ ಕೈಬಿಟ್ಟರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಸುರಂಗದ ಬಗ್ಗೆ ಒಳ್ಳೆಯ ಭಾಷಣ ಮಾಡಿದವರು ಗೆದ್ದರು. ಸೋತ ಮರುವಾರ ನಾನು ಮಾತಾಡಿಸಿಕೊಂಡು ಬರಲು ಹೋದಾಗ ಮನೆಯಲ್ಲಿ ಅತ್ತಿಗೆ ಒಬ್ಬರೇ, ಕಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿ, ಬಟಾಣಿ ಸುಲಿಯುತ್ತಿದ್ದರು.

“ಎಲ್ಲಿ ಅವರು?”

“ಹನ್ನೊಂದಿಪ್ಪತ್ತಕ್ಕೆ ಹೋದಳು, ಡಬ್ಬಿ ತಗೊಂಡು. ವಾರಕ್ಕೆ ಮೂರು ದಿನ ಅವಳು, ನಾಲ್ಕು ದಿನ ನಾನು ಅಂತ ವೇಳಾಪಟ್ಟಿ ಮಾಡಿದಾಳೆ. ಅಕ್ಕನಿಗೆ ಅವಳು ಉಣಿಸೋದೇ ಇಷ್ಟ ಅಂತೆ ಈಗ. ನಾನು ಮಾತಾಡ್ದೆ ತುರುಕ್ತೀನಂತೆ, ಅವಳಾದ್ರೆ ಸದನದ ಕಥೆ ಹೇಳ್ತಾಳಂತೆ.” ಅತ್ತಿಗೆ ದೂರುವಂತೆ ಹೇಳಿದರು, ಮುಖ ಮಾತ್ರ ದೂರುತ್ತಿರಲಿಲ್ಲ. “ಟೀ ಕುಡೀತೀಯಾ? ನಾನೇಳಲ್ಲ ನೋಡು, ನೀನೇ ಮಾಡ್ಕೋ. ಸಕ್ಕರೆ ಎಲ್ಲಿದೆ ಅಂತ ಕಪಾಟಿನ ಬಾಗಿಲಲ್ಲಿ ಬರೆದಿದೆ.”

ಕಪಾಟಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ಹೋಗಿಬಿಡುವೆನೆಂದುಕೊಂಡಿದ್ದ ದಿನಗಳಲ್ಲಿ ಅತ್ತಿಗೆ ನಾದಿನಿಗಾಗಿ ಬರೆದಿಟ್ಟದ್ದು. ದೇಶದ ಅ‌ಷ್ಟೂ ದಾರಿಗಳನ್ನು ಪರಿಶೀಲಿಸಿದವರಿಗೆ ತಮ್ಮ ಮನೆಯ ಉಪ್ಪು ಎಲ್ಲಿದೆ ಎಂದು ತಿಳಿದಿರಲಿಲ್ಲ. ಅದು ಅತ್ತಿಗೆಗೆ ತಿಳಿದಿತ್ತು. ಎಡಗಡೆಯ ನೀಲಿ ಮುಚ್ಚಳ ಉಪ್ಪು. ಅದರ ಪಕ್ಕದ್ದೂ ನೀಲಿ, ಆದರೆ ಸಕ್ಕರೆ, ನಾಲಿಗೆಗೆ ಹಚ್ಚಿ ನೋಡು. ಹಾಲು ಒಲೆಯ ಮೇಲಿದ್ದಾಗ ಓದಬೇಡ. ಕೋಟಿನ ಎಡಜೇಬು ಹರಿಯುತ್ತಿದೆ, ಭಾರದ ಕಾಗದ ಬಲಕ್ಕೆ ಹಾಕು. ಹೀಗೆ ಹದಿನೇಳು ಸಾಲು. ಎಲ್ಲಕ್ಕಿಂತ ಕೆಳಗೆ, ಉಳಿದೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಬೇರೆ ಮನೆಯಲ್ಲಾದರೆ ಮೊಟ್ಟಮೊದಲು ಬರೆಯುವ ಮಾತು ಇತ್ತು: ‘ಒಬ್ಬಳೇ ಅಂತ ನಿಂತುಕೊಂಡು ಉಣ್ಣಬೇಡ. ಕೂತು ಉಣ್ಣು.’

“ಇದನ್ನ ಕೊನೆಗೆ ಯಾಕೆ ಬರೆದಿರಿ?” ಎಂದು ಕೇಳಿದೆ.

ಅತ್ತಿಗೆ ಬಟಾಣಿಯಿಂದ ತಲೆಯೆತ್ತಲಿಲ್ಲ. “ಅವಳು ಓದೋದು ಅಲ್ಲಿಂದ ತಾನೇ.”

ಅನುಬಂಧ ಎಂಬ ಮಾತಿಗೆ ಕಚೇರಿಯಲ್ಲಿ ನಾವು ಕೊಡುವ ಅರ್ಥ ಕೊನೆಗೆ ಸೇರಿಸಿದ್ದು ಎಂದು. ಮನೆಗಳಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಮನುಷ್ಯರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುವ, ಯಾವ ಕಲಮಿನಲ್ಲೂ ನಮೂದಾಗದ ನಂಟು. ಇಷ್ಟು ವರ್ಷ ಪದಗಳ ಕೆಲಸ ಮಾಡಿದ ನನಗೆ ಈ ಎರಡು ಅರ್ಥಗಳು ಒಂದೇ ಮಾತಿನೊಳಗೆ ಏಕೆ ವಾಸವಾಗಿವೆ ಎಂದು ಹೊಳೆದಿರಲಿಲ್ಲ. ಮುಂದಿನಿಂದ ಓದುವವರು ಲೋಕದಲ್ಲಿ ಬಹಳ. ಮುನ್ನುಡಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಪುಸ್ತಕ ಮುಚ್ಚುವವರು. ಹಿಂದಿನ ಸೀಟಿನಿಂದ ಶುರುಮಾಡುವವರು ಅಲ್ಲೊಬ್ಬರು ಇಲ್ಲೊಬ್ಬರು. ಅವರೂ ತಪ್ಪುತ್ತಾರೆ, ಮೂರು ವರ್ಷ ತಮ್ಮ ಮನೆಯ ಊದಿದ ಕಾಲನ್ನು ಕಾಣದೆಯೂ ಇರುತ್ತಾರೆ. ಆದರೆ ಕಂಡ ದಿನ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಮರುದಿನ ಬಸ್ಸು ಹತ್ತುತ್ತಾರೆ. ಅಂಥವರಿಗೆ ಸದನದಲ್ಲಿ ಕುರ್ಚಿ ಉಳಿಯುವುದು ಕಷ್ಟ. ಅವರಿಗಾಗಿ ಯಾರೋ ಒಬ್ಬರು, ಎಲ್ಲೋ ಒಂದು ಕಪಾಟಿನ ಬಾಗಿಲಲ್ಲಿ, ಬಹು ಮುಖ್ಯವಾದ ಮಾತನ್ನು ಕಟ್ಟಕಡೆಯ ಸಾಲಿನಲ್ಲಿ ಬರೆದಿಟ್ಟು ಕಾದಿರುತ್ತಾರೆ.